ನಾರು ಬಿದ್ದ ಗೂಡಿಗೆ ಕೈ ಹಾಕದ ದುರ್ಗಯ್ಯ

ಬೆಳಗಿನ ಐದೂವರೆ. ಬಿಳಿಗೆರೆಯಾಚೆ ತೆಂಗಿನ ತೋಟಗಳ ನಡುವಿನ ಬಂಡಿ ಜಾಡಿನಲ್ಲಿ ಒಂದು ಸೈಕಲ್ಲು ನಿಂತಿದೆ. ಹ್ಯಾಂಡಲ್ಲಿಗೆ ಹಗ್ಗದ ಸುರುಳಿ, ಹಿಂದಿನ ಕ್ಯಾರಿಯರಿನಲ್ಲಿ ತಗಡಿನ ಪೆಟ್ಟಿಗೆ. ಸೈಕಲ್ಲಿನ ಒಡೆಯರು ಒಂದು ಕಾಲನ್ನು ನೆಲಕ್ಕೂರಿ, ಇನ್ನೊಂದನ್ನು ಪೆಡಲಿನ ಮೇಲೇ ಬಿಟ್ಟು, ಕತ್ತೆತ್ತಿ ವಿದ್ಯುತ್ ಕಂಬದ ತುದಿ ನೋಡುತ್ತಿದ್ದಾರೆ. ಬಾಯಲ್ಲಿ ಬೇವಿನ ಕಡ್ಡಿ ಇದೆ, ಅಗಿಯುವುದು ಮರೆತುಹೋಗಿದೆ.

ಕಾಗೆಯೊಂದು ಬರುತ್ತದೆ. ಕೊಕ್ಕಿನಲ್ಲಿ ಹೊಂಗೆಯ ಒಣ ಕಡ್ಡಿ. ಕಂಬದ ಅಡ್ಡಪಟ್ಟಿಯ ಮೇಲೆ ಕೂತು ಕಡ್ಡಿಯನ್ನು ಹೀಗೊಮ್ಮೆ ಹಾಗೊಮ್ಮೆ ಇಟ್ಟು ನೋಡಿ, ಸಮಾಧಾನವಾಗದೆ ಮತ್ತೆ ಎತ್ತಿ, ಕೊನೆಗೆ ತಂತಿ ಕೂರಿಸುವ ಪಿಂಗಾಣಿ ಬಟ್ಟಲಿನ ಬುಡಕ್ಕೆ ಸಿಕ್ಕಿಸಿ ಹಾರುತ್ತದೆ. ಜೋಡಿ ಕಾಗೆ ಪಕ್ಕದ ತೆಂಗಿನ ಗರಿಯ ಮೇಲೆ ಕಾವಲು ಕೂತಿದೆ. ನಾಲ್ಕು ನಿಮಿಷಕ್ಕೆ ಇನ್ನೊಂದು ಕಡ್ಡಿ. ಮತ್ತೆ ಐದು ನಿಮಿಷಕ್ಕೆ ಮತ್ತೊಂದು.

"ಇನ್ನೂ ಕಡ್ಡಿ," ಎನ್ನುತ್ತಾರೆ ಲೈನ್‌ಮನ್ ದುರ್ಗಯ್ಯ. "ನಾರು ಬಂದಿಲ್ಲ. ಈಗ ಕೀಳಬೌದು."

ಬೇಲಿಯ ಕಳ್ಳಿಯ ಮೇಲೆ ಮಲಗಿಸಿಟ್ಟಿದ್ದ ಒಣ ಬಿದಿರ ಗಳವನ್ನು ಎತ್ತಿಕೊಳ್ಳುತ್ತಾರೆ. ಕೆಳಗಿನಿಂದಲೇ ಗಳದ ತುದಿಯನ್ನು ಕಡ್ಡಿಗಳ ಅಡಿಗೆ ತೂರಿಸಿ ಮೆಲ್ಲಗೆ ಎತ್ತುತ್ತಾರೆ. ಎರಡು ದಿನದ ದುಡಿಮೆ ಪುರಪುರನೆ ಉದುರುತ್ತದೆ. ಕಾಗೆಗಳೆರಡೂ ಅವರ ತಲೆಯ ಮೇಲೆ ಸುತ್ತು ಹಾಕಿ ಕೂಗಲು ತೊಡಗುತ್ತವೆ. "ಬೈಕಳಿ, ಬೈಕಳಿ. ನಾಳಿಕೆ ಬೇರೆ ಜಾಗ ನೋಡ್ಕಳಿ," ಎಂದು ದುರ್ಗಯ್ಯ ಗಳವನ್ನು ಬೇಲಿಗೆ ಮರಳಿಸುತ್ತಾರೆ. ಆಮೇಲೆ ಬಿದ್ದ ಕಡ್ಡಿಗಳನ್ನು ಕಾಲಿನಿಂದ ಹರವಿ, ಬಗ್ಗಿ, ಏನನ್ನೋ ಹುಡುಕುತ್ತಾರೆ. ಹುಡುಕುತ್ತಿರುವುದು ತಂತಿ. ಸಿಗುವುದಿಲ್ಲ. ಹೀಗೆ ಹುಡುಕುವುದು ಅವರು ಇದೇ ವಸಂತದಲ್ಲಿ ಕಲಿತ ಪಾಠ.

ಕಂಬದ ಮೇಲೆ ಕಾಗೆ ಗೂಡು ಕಟ್ಟಿದರೆ ಯಾರಿಗೇನು ನಷ್ಟ ಎಂದು ಪಟ್ಟಣದವರು ಕೇಳಬಹುದು. ತಿಪಟೂರು ಸೀಮೆಯ ತೋಟದವರು ಕೇಳುವುದಿಲ್ಲ. ಚೈತ್ರ ವೈಶಾಖದಲ್ಲಿ ತೆಂಗಿಗೆ ನೀರು ಬೇಕು; ನೀರೆತ್ತಲು ಪಂಪು ಬೇಕು; ಪಂಪು ತಿರುಗಲು ಮೂರು ಫೇಸಿನ ಕರೆಂಟು ಬೇಕು; ಆ ಕರೆಂಟು ಬರುವುದು ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಗೂಡಿನ ಒಂದು ಎಳೆ ತಂತಿಗೂ ಕಬ್ಬಿಣದ ಪಟ್ಟಿಗೂ ನಡುವೆ ಸೇತುವೆಯಾದರೆ ಫ್ಯೂಸ್ ಹೋಗುತ್ತದೆ. ಹೋದ ಫ್ಯೂಸ್ ಹಾಕಲು ದುರ್ಗಯ್ಯ ಸೈಕಲ್ಲು ತುಳಿದು ಬರುವಷ್ಟರಲ್ಲಿ ಹತ್ತು ಗಂಟೆ. ಅಂದಿನ ನೀರು ಅಂದಿಗೆ ತಪ್ಪಿತು.

ದುರ್ಗಯ್ಯನವರ ಪಾಲಿಗಿರುವುದು ಏಳು ಹಳ್ಳಿ, ನಾಲ್ಕು ನೂರ ಹನ್ನೆರಡು ಕಂಬ, ಒಂಬತ್ತು ಟ್ರಾನ್ಸ್‌ಫಾರ್ಮರ್, ನೂರ ಅರವತ್ತಮೂರು ಪಂಪ್‌ಸೆಟ್ಟು. ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಸೈಕಲ್ಲು. ಶಿವರಾತ್ರಿಯಿಂದ ಮುಂಗಾರು ಹಿಡಿಯುವವರೆಗೆ ಈ ಕಂಬಗಳ ಮೇಲೆ ಕನಿಷ್ಠ ಎಪ್ಪತ್ತು ಗೂಡುಗಳ ಕೆಲಸ ಶುರುವಾಗುತ್ತದೆ ಎನ್ನುತ್ತಾರೆ. ಎಪ್ಪತ್ತು ಎಂಬುದು ಅವರ ಎಣಿಕೆ. ಬೇರೆ ಯಾರೂ ಎಣಿಸಿಲ್ಲ.

ಸುತ್ತ ಸಾವಿರಾರು ತೆಂಗಿನ ಮರಗಳಿರುವಾಗ ಕಾಗೆಗೆ ಕಂಬವೇ ಏಕೆ? ಇದಕ್ಕೂ ಅವರಲ್ಲಿ ಉತ್ತರವಿದೆ. "ತೆಂಗಿನ ಮರಕ್ಕೆ ಒಂದೂವರೆ ತಿಂಗಳಿಗೊಂದು ಸಲ ಕಾಯಿ ಕೀಳೋನು ಹತ್ತುತಾನೆ. ಅಳಿಲು ದಿನಾ ಹತ್ತುತದೆ. ಕಂಬಕ್ಕೆ ಯಾರು ಹತ್ತುತಾರೆ? ನಾನೊಬ್ನೇ. ಒಬ್ಬ ಶತ್ರು ಇದ್ರೆ ಹೆಂಗೋ ಸುಧಾರಿಸ್ಕೋಬೌದು ಅಂತ ಅದು ಲೆಕ್ಕ ಹಾಕ್ತದೆ."

ಹುಳಿಯಾರಿನ ಕಡೆಯ ಒಂದು ಹಟ್ಟಿಯಲ್ಲಿ ಹುಟ್ಟಿದ ದುರ್ಗಯ್ಯನವರಿಗೆ ಈಗ ನಲವತ್ತೇಳು. ಓದಿದ್ದು ಮೂರನೇ ತರಗತಿ. ಹುಟ್ಟಾ ಎಡಚರು. ಬಲಗೈಯಲ್ಲಿ ಬರೆಯಲಿ ಎಂದು ಮೇಷ್ಟರು ಎಡಗೈ ಗೆಣ್ಣಿನ ಮೇಲೆ ಹೊಡೆದೂ ಹೊಡೆದೂ, ಬರೆಯುವುದಷ್ಟು ಬಲಗೈಗೆ ಬಂತು. ಮಿಕ್ಕ ಕೆಲಸವೆಲ್ಲ ಎಡಗೈಯಲ್ಲೇ ಉಳಿಯಿತು. ಈ ಸೀಮೆಗೆ ಕರೆಂಟು ಎಳೆಯುವಾಗ ಕಂಬದ ಗುಂಡಿ ತೋಡುವ ಗ್ಯಾಂಗಿಗೆ ಸೇರಿದರು. ಹತ್ತು ವರ್ಷಕ್ಕೂ ಮಿಕ್ಕಿ ಗುಂಡಿ ತೋಡಿದರು, ಕಂಬ ಹೊತ್ತರು, ಆಮೇಲೆ ಹತ್ತಿದರು. ಲೈನ್‌ಮನ್ ಆಗಿ ಹನ್ನೊಂದು ವರ್ಷ. ಎಡ ಅಂಗೈಯಲ್ಲಿ ಹುಣಸೆಬೀಜದಷ್ಟಗಲದ ಸುಟ್ಟ ಕಲೆ ಇದೆ. ಅದರ ಬಗ್ಗೆ ಕೇಳಿದರೆ, "ಒಂದು ಸಲ ನಂಬಿಬುಟ್ಟೆ," ಎಂದಷ್ಟೇ ಹೇಳುತ್ತಾರೆ. ಲೈನ್ ಆಫ್ ಆಗಿದೆ ಎಂದು ಯಾರೋ ಕೂಗಿದ್ದನ್ನು ನಂಬಿದ್ದು. ಅಂದಿನಿಂದ ಲೈನಿನ ಸ್ವಿಚ್ಚಿನ ಹ್ಯಾಂಡಲನ್ನು ತಾವೇ ಇಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಕಂಬ ಹತ್ತುತ್ತಾರೆ.

ಹಕ್ಕಿಗಳ ವಿಷಯದಲ್ಲಿ ಅವರಿಗೆ ಗುರು ಯಾರೂ ಇಲ್ಲ. ಇದ್ದರೆ ಹೆಂಡತಿ ಬೋರಮ್ಮ. ಬೋರಮ್ಮನವರು ನೆನೆಸಿದ ತೆಂಗಿನ ಮಟ್ಟೆಯನ್ನು ಕೊಡತಿಯಲ್ಲಿ ಜಜ್ಜಿ ನಾರು ಬಿಡಿಸಿ, ದನ ಕಟ್ಟುವ ಕಣ್ಣಿ ಹಗ್ಗ ಹೊಸೆಯುತ್ತಾರೆ. ದುರ್ಗಯ್ಯ ಲೈನ್‌ಮನ್ ಆದ ಮೊದಲ ಬೇಸಗೆಯಲ್ಲಿ ಒಂದು ಗೂಡು ಕಿತ್ತಾಗ ನಾಲ್ಕು ಮೊಟ್ಟೆ ಬಿದ್ದು ಒಡೆದವು. ಹಸಿರು ಮಿಶ್ರಿತ ನೀಲಿ, ಮೇಲೆ ಕಂದು ಚುಕ್ಕಿ. ಅಂದು ಮನೆಗೆ ಬಂದು ಊಟ ಸೇರದೆ ಕೂತರು. ವಿಷಯ ತಿಳಿದ ಬೋರಮ್ಮ, ಅಂಗಳದಲ್ಲಿ ಹರವಿದ್ದ ನಾರಿನ ಗುಡ್ಡೆ ತೋರಿಸಿ ಹೇಳಿದ ಮಾತು ಇದು:

"ಅಲ್ಲಿ ಹೋಗಿ ಕಂಬದ ಮೇಲೆ ಯಾಕ್ ನೋಡ್ತೀಯ? ಇಲ್ಲಿ ನೋಡು. ಕಾಗೆ ದಪ್ಪ ನಾರು ಮುಟ್ಟಾಕಿಲ್ಲ. ಹೊಸೆಯೋಕೆ ಅಂತ ಬುಡಿಸಿ ಮಡಗಿರೋ ನಯ ನಾರೇ ಬೇಕು ಅದಕ್ಕೆ. ಬಾಣಂತಿ ಹಾಸಿಗೆ ಅಲ್ವ? ನಾರು ಕದಿಯೋಕೆ ಬಂತು ಅಂದ್ರೆ ಎರಡು ಮೂರು ದಿನದಾಗೆ ಮೊಟ್ಟೆ."

ಅಂದಿನಿಂದ ದುರ್ಗಯ್ಯನವರದು ಒಂದೇ ಕಟ್ಟಳೆ. ಕಡ್ಡಿ ಇರುವ ತನಕ ಎಷ್ಟು ಸಲವಾದರೂ ಕೀಳುವುದು. ಮೂರು ಸಲ ಕಿತ್ತರೆ ನಾಲ್ಕನೇ ಸಲ ಕಾಗೆ ಮರಕ್ಕೆ ಹೋಗುತ್ತದೆ ಎಂಬುದು ಅವರ ಅನುಭವ. ಆದರೆ ಗೂಡಿಗೆ ನಾರು ಬಿದ್ದ ಮೇಲೆ ಕೈ ಹಾಕುವಂತಿಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಹತ್ತಿರದ ತಂತಿಗಳಿಗೆ ತೊಡಿಸಿ, ಮರಿ ಹಾರುವವರೆಗೆ ದಿನಾ ಬೆಳಗ್ಗೆ ಕಣ್ಣಿಟ್ಟು ಕಾಯುವುದು. ಕಟ್ಟಳೆ ಪಾಲಿಸಬೇಕಾದರೆ ಯಾವ ಗೂಡು ಯಾವ ಹಂತದಲ್ಲಿದೆ ಎಂದು ಗೊತ್ತಿರಬೇಕು. ಅದಕ್ಕೇ ಈ ಐದೂವರೆಯ ಕಾವಲು.

ಕಚೇರಿಯಲ್ಲಿ ಇದು ನಗೆಮಾತಾಗಿ ಬಹಳ ವರ್ಷವಾಯಿತು. ಜೊತೆಯ ಲೈನ್‌ಮನ್ ಈರಣ್ಣ ಅವರನ್ನು ಕಂಡಾಗಲೆಲ್ಲ, "ಏನ್ಲಾ ದುರ್ಗ, ನಾರು ಬಿತ್ತಾ?" ಎಂದೇ ಮಾತು ತೆಗೆಯುವುದು. ಈಗ ಆ ಮಾತು ಶಾಖೆಯ ಎಲ್ಲರ ಬಾಯಲ್ಲೂ ಇದೆ. ಹಿಂತೆಗೆಯಲಾಗದ ಯಾವುದೇ ಸಂಗತಿಗೆ ಅವರು "ನಾರು ಬಿತ್ತು" ಎನ್ನುತ್ತಾರೆ. ಈರಣ್ಣನ ಮಗಳಿಗೆ ಗಂಡು ಗೊತ್ತಾದ ದಿನ ದುರ್ಗಯ್ಯನೇ ಹೋಗಿ, "ಏನಣ್ಣ, ನಾರು ಬಿತ್ತಂತೆ?" ಎಂದು ಸಾಲ ತೀರಿಸಿ ಬಂದರು.

ಕಾಗೆಯೊಂದೇ ಅಲ್ಲ. ಸ್ವಿಚ್ ಪೆಟ್ಟಿಗೆಯ ಬಾಗಿಲು ಮುರಿದಿದ್ದರೆ ಒಳಗೆ ಗೊರವಂಕ ಹುಲ್ಲು ತುರುಕಿರುತ್ತದೆ. ಸೂರಕ್ಕಿ ಪಂಪು ಮನೆಗೆ ಹೋಗುವ ತಂತಿಗೆ ಜೇಡರ ಬಲೆಯಿಂದಲೇ ಚೀಲ ಹೆಣೆದು ತೂಗುಬಿಡುತ್ತದೆ. ಹೆಬ್ಬೆರಳಿನ ಗಾತ್ರದ ಆ ಹಕ್ಕಿಗಾಗಿ ಕಳೆದ ವರ್ಷ ಒಂದು ಪಂಪು ಮನೆಗೆ ಮುಂಬಾಗಿಲಿನಿಂದ ಹೋಗದೆ ಹಿಂದಿನ ಕಿಟಕಿಯಿಂದ ಇಪ್ಪತ್ತು ದಿನ ಇಳಿದದ್ದುಂಟು. ಹಕ್ಕಿ ನೋಡುವ ಹವ್ಯಾಸವೇ ಎಂದರೆ ದುರ್ಗಯ್ಯನವರಿಗೆ ಮುಜುಗರ. "ನಾನು ಹಕ್ಕಿ ನೋಡೋನಲ್ಲ. ಲೈನ್ ನೋಡೋನು. ಲೈನ್ ನೋಡಿದ್ರೆ ಹಕ್ಕಿ ಕಾಣ್ತದೆ. ಕಣ್ಣು ಮುಚ್ಕಳಾಕಾಯ್ತದಾ?"

ಈ ವರ್ಷ ಯುಗಾದಿ ಕಳೆದ ಮಾರನೆಯ ದಿನ ಬಿರುಗಾಳಿಗೆ ಹುಳಿಯಾರಿನ ಕಡೆ ಹತ್ತಾರು ಕಂಬ ಉರುಳಿದವು. ದುರ್ಗಯ್ಯನವರನ್ನು ಆರು ದಿನ ಅಲ್ಲಿಗೆ ಕಳಿಸಿದರು. ಅವರ ಲೈನನ್ನು ಈರಣ್ಣ ನೋಡಿಕೊಂಡರು. ಏಳನೆಯ ದಿನ ಬೆಳಗ್ಗೆ ಅವರು ಮರಳಿ ಬಂದಾಗ, ಸರ್ವಮಂಗಳಮ್ಮನವರ ತೋಟದಂಚಿನ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಪೂರ್ತಿಯಾದ ಗೂಡು ಇತ್ತು. ಅಂಚಿನಿಂದ ಹೊಂಬಣ್ಣದ ಎಳೆಗಳು ಇಳಿಬಿದ್ದಿದ್ದವು. ನಾರು.

ಆ ಟ್ರಾನ್ಸ್‌ಫಾರ್ಮರಿನಿಂದ ಹದಿನಾಲ್ಕು ಪಂಪು ತಿರುಗುತ್ತವೆ. ಅದರಲ್ಲೊಂದು ಸರ್ವಮಂಗಳಮ್ಮನವರದು. ಗಂಡ ಮರುಳಪ್ಪನವರು ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಕೂರುತ್ತಾರೆ. ತೋಟ ಪೂರಾ ಇವರದೇ ಉಸ್ತುವಾರಿ. ರೋಗ ಬಂದು ಸತ್ತ ಹಳೆಯ ಮರಗಳ ಜಾಗದಲ್ಲಿ ಹೋದ ವರ್ಷ ಅರವತ್ತೆರಡು ಸಸಿ ನೆಟ್ಟಿದ್ದಾರೆ. ಸಸಿಗೆ ಎರಡನೇ ಬೇಸಗೆ ದಾಟಿಸುವುದೇ ಕಷ್ಟ. ಪಾತಿ ಒಣಗಿದರೆ ಸುಳಿ ಒಣಗುತ್ತದೆ. ಸುಳಿ ಒಣಗಿದರೆ ಸಸಿ ಹೋಯಿತು.

"ಬಂದೆಯಾ? ಬಾ," ಎಂದರಂತೆ ಅವರು ಬದುವಿನ ಮೇಲೆ ನಿಂತು. "ಕಾಗೆ ಮನೆ ಗೃಹಪ್ರವೇಶ ಆಯ್ತು. ಎರಡು ಸಲ ಪಟಾಕಿ ಹೊಡೆದಂಗೆ ಫ್ಯೂಸೂ ಹೋಯ್ತು. ನೀನೊಬ್ಬ ಬಾಕಿ ಇದ್ದೆ."

"ನಾರು ಬಿದ್ದೈತೆ ಅಮ್ಮಾರೆ."

"ಬಿದ್ದರೆ?"

"ಮೊಟ್ಟೆ ಇಟ್ಟಿರ್ತದೆ. ಇಲ್ಲಾ ನಾಳೆ ಇಡ್ತದೆ. ಮರಿ ಆಗೋಕೆ ಹದಿನೇಳು ದಿನ. ರೆಕ್ಕೆ ಬಲಿಯೋಕೆ ಇಪ್ಪತ್ತೈದು."

"ನಲವತ್ತೆರಡು ದಿನ! ಎಂಟು ದಿನ ನೀರಿಲ್ಲದಿದ್ದರೆ ನನ್ನ ಸಸಿ ಮಣ್ಣಾಗ್ತದೆ ಕಣಯ್ಯ. ನಿನಗೆ ಕಾಗೆ ಮರಿ ಲೆಕ್ಕ ಬರ್ತದೆ, ತೆಂಗಿನ ಸಸಿ ಲೆಕ್ಕ ಬರಲ್ವ?"

ಅರವತ್ತೆರಡು ಸಸಿ ಒಂದು ಕಡೆ, ಕಾಣದ ಮೊಟ್ಟೆ ಒಂದು ಕಡೆ. ಯಾವ ತೂಕದಲ್ಲೂ ಸಸಿಯ ಕಡೆಯೇ ತೂಗಬೇಕು. ಕೊನೆಗೆ ದುರ್ಗಯ್ಯ ಮಾತು ಕೊಟ್ಟರು: ಇನ್ನೊಂದು ಸಲ ಗೂಡಿನಿಂದ ಫ್ಯೂಸ್ ಹೋದರೆ ತಮ್ಮ ಕೈಯಾರೆ ಕಿತ್ತುಹಾಕುವುದಾಗಿ. ಸರ್ವಮಂಗಳಮ್ಮ ಬಾಯಿಮಾತಿಗೆ ಒಪ್ಪಲಿಲ್ಲ. ಪಂಪು ಮನೆಯ ಮುಂದಿನ ತೊಟ್ಟಿಯ ಹತ್ತಿರ ಕರೆದೊಯ್ದು ನೀರು ಮುಟ್ಟಿಸಿ ಹೇಳಿಸಿದರು.

ಕಡ್ಡಿ ಇದ್ದಾಗಲೇ ಏಕೆ ಕೀಳಲಿಲ್ಲ ಎಂದು ಈರಣ್ಣನನ್ನು ಕೇಳಿದಾಗ ಅವರ ಉತ್ತರ ಸಲೀಸಾಗಿತ್ತು. "ನಿನ್ನ ಲೈನು, ನಿನ್ನ ನೆಂಟ್ರು. ನೀನೇ ಬಂದು ಕುಂಕುಮ ಕೊಟ್ಟು ಕಳಿಸ್ತೀಯ ಅಂತ ಬುಟ್ಟೆ ಕಣ್ಲಾ."

ಅಂದೇ ದುರ್ಗಯ್ಯ ಟ್ಯೂಬು ಸೀಳಿ ತಂತಿಗಳಿಗೆ ತೊಡಿಸಿದರು. ಮಾರನೆಯ ದಿನದಿಂದ, ಉಳಿದ ಕಂಬಗಳ ಕಾವಲಿಗೆ ಮೊದಲು, ಐದು ಗಂಟೆಗೇ ಈ ಕಂಬದ ಬುಡದಲ್ಲಿರುತ್ತಿದ್ದರು. ಹೆಣ್ಣು ಕಾಗೆ ಗೂಡಿನಲ್ಲಿ ಕೂತೇ ಇರುತ್ತಿತ್ತು. ಬಾಲ ಮಾತ್ರ ಕಾಣುತ್ತಿತ್ತು. ಗಂಡು ತಿನ್ನಲು ತಂದು ಕೊಡುತ್ತಿತ್ತು. ಅದರ ಜೊತೆಗೆ ಆಗಾಗ ಹೊಸ ಕಡ್ಡಿಯನ್ನೂ ತರುತ್ತಿತ್ತು. ಕಟ್ಟಿ ಮುಗಿದ ಮನೆಗೂ ರಿಪೇರಿ ತಪ್ಪಿದ್ದಲ್ಲವಲ್ಲ. ಆರಕ್ಕೆ ಕರೆಂಟು ಬಂದು, ಪಂಪು ಮನೆಯಲ್ಲಿ ಮೋಟಾರು ಗುಂಯ್ ಎಂದು, ಪಾತಿಗೆ ನೀರು ಹರಿದ ಮೇಲೆ ಅವರು ಸೈಕಲ್ಲು ಹತ್ತುತ್ತಿದ್ದರು. ಹೀಗೆ ಹತ್ತೊಂಬತ್ತು ದಿನ ಸಾಗಿತು.

ಇಪ್ಪತ್ತನೆಯ ದಿನ, ಆರು ಗಂಟೆ ಹತ್ತು ನಿಮಿಷಕ್ಕೆ, ಅವರ ಕಣ್ಣೆದುರೇ ಕಂಬದ ತುದಿಯಲ್ಲಿ ನೀಲಿ ಬೆಳಕು ಚಟ್ ಎಂದಿತು. ಮೋಟಾರು ನಿಂತಿತು.

ಸರ್ವಮಂಗಳಮ್ಮ ಬಂದು ಕೈಕಟ್ಟಿ ನಿಂತರು. ದುರ್ಗಯ್ಯ ಹ್ಯಾಂಡಲ್ ಇಳಿಸಿ, ಬೀಗ ಹಾಕಿ, ಕಂಬ ಹತ್ತಿದರು. ಕೀಳಲೆಂದೇ ಹತ್ತಿದೆ ಎನ್ನುತ್ತಾರೆ. "ನೀರು ಮುಟ್ಟಿವ್ನಿ. ಇನ್ನೇನ್ ಮಾಡಾಕಾಯ್ತದೆ?"

ಗೂಡಿನೊಳಗೆ ನಾಲ್ಕು ಮರಿ. ಮೈಮೇಲೆ ಒಂದು ತುಪ್ಪುಳವಿಲ್ಲ. ಅವರ ನೆರಳು ಬಿದ್ದದ್ದೇ ನಾಲ್ಕೂ ಕೆಂಪು ಬಾಯಿ ತೆರೆದವು. ತಾಯಿ ಕಾಗೆ ಅವರ ನೆತ್ತಿಗೆ ಕುಕ್ಕಿ ಹಾರಿತು. ಅವರು ಗೂಡಿನ ಅಡಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕಿದ್ದು ಕಡ್ಡಿಯಲ್ಲ. ಗೇಣುದ್ದದ ಅಲ್ಯೂಮಿನಿಯಂ ತಂತಿ. ಅದರ ಪಕ್ಕ ಇನ್ನೊಂದು. ಕಡ್ಡಿಯ ನಡುವೆ ನಡುವೆ ಅಂಥವೇ ಹಲವು. ಒಂದನ್ನು ಎಳೆದು ಕಣ್ಣ ಹತ್ತಿರ ಹಿಡಿದರು. ತುದಿಯಲ್ಲಿ ಎರಡು ಮುರಿ, ಎಂದರೆ ತಿರುಚಿದ ಸುತ್ತು, ಇತ್ತು. ಮುರಿ ಎಡಕ್ಕಿತ್ತು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಲೈನಿನ ತಂತಿಯನ್ನು ಪಿಂಗಾಣಿ ಬಟ್ಟಲಿಗೆ ಬಿಗಿಯಲು ಮೆದು ತಂತಿಯಿಂದ ಕಟ್ಟು ಹಾಕುತ್ತಾರೆ. ಕಟ್ಟು ಮುಗಿದ ಮೇಲೆ ಉಳಿದ ತುದಿಯನ್ನು ಇಕ್ಕಳದಿಂದ ತಿರುಚಿ ಕತ್ತರಿಸಿ ಕೆಳಗೆ ಬಿಡುತ್ತಾರೆ. ಎಲ್ಲ ಲೈನ್‌ಮನ್‌ಗಳೂ ಹಾಗೇ ಮಾಡುವುದು. ಚೂರು ತಂತಿಯನ್ನು ಹೆಕ್ಕಿ ಕಿಸೆಗೆ ಹಾಕಿಕೊಳ್ಳುವುದು ಯಾರಿಗೂ ಹೊಳೆದ ವಿಚಾರವಲ್ಲ. ಬಲಗೈಯವರು ತಿರುಚಿದರೆ ಮುರಿ ಬಲಕ್ಕೆ ಬರುತ್ತದೆ. ಈ ಶಾಖೆಯ ಹದಿನಾರು ಲೈನ್‌ಮನ್‌ಗಳಲ್ಲಿ ಎಡಚರು ಒಬ್ಬರೇ.

ದುರ್ಗಯ್ಯ ಅಡ್ಡಪಟ್ಟಿಯ ಮೇಲೆ ಕೂತು ಇನ್ನೊಂದು ಚೂರಿನ ಮುರಿ ನೋಡಿದರು, ಮತ್ತೊಂದರದೂ ನೋಡಿದರು. ಕೆಳಗಿನಿಂದ ಸರ್ವಮಂಗಳಮ್ಮ, "ಏನಯ್ಯ, ಮರಿ ಜೊತೆ ನೀನೂ ಮಲಗಿಬಿಟ್ಟೆಯಾ?" ಎಂದು ಕೂಗಿದ ಮೇಲೆ ಇಳಿದು ಬಂದರು. ಗೂಡು ಮೇಲೇ ಇತ್ತು. ಕೈಯಲ್ಲಿ ಒಂದು ಚೂರು ತಂತಿ.

"ಇದು ನಂದು ಅಮ್ಮಾರೆ."

"ಏನು ನಿಂದು?"

"ಈ ತಂತಿ. ನಾನೇ ಕತ್ತರಿಸಿ ಬಿಸಾಕಿದ್ದು. ಮುರಿ ನೋಡಿ, ಎಡಕ್ಕೈತೆ. ಕಾಗೆ ಕಡ್ಡಿ ಅಂದ್ಕಂಡು ಎತ್ಕಂಡೋಗಿ ಮಡಗೈತೆ. ಕರೆಂಟಿಗೆ ತಗುಲಿದ್ದು ಇದು."

ಸರ್ವಮಂಗಳಮ್ಮ ತಂತಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. "ಹಾಗಾದರೆ ಇಷ್ಟು ದಿನ ನನ್ನ ನೀರು ನಿಲ್ಲಿಸಿದ್ದು ಕಾಗೆ ಅಲ್ಲ. ನೀನು."

"ಹೂಂ."

"ಅಂದಮೇಲೆ ಕಿತ್ತುಹಾಕಬೇಕಾದ್ದು ಗೂಡನ್ನಲ್ಲ ಕಣಯ್ಯ. ನಿನ್ನ."

"ಕಿತ್ತಾಕಿ. ಅದಕ್ಕೆ ಮುಂಚೆ ಒಂದು ಗಂಟೆ ಟೈಮ್ ಕೊಡಿ."

"ನೀನು ನೀರು ಮುಟ್ಟಿ ಹೇಳಿದ್ದೆ."

"ಗೂಡಿಂದ ಹೋದ್ರೆ ಅಂತ ಹೇಳಿದ್ದೆ. ಇದು ಗೂಡಿಂದ ಹೋಗಿದ್ದಲ್ಲ, ನನ್ನಿಂದ."

"ಕಂಬ ಯಾಕೆ ಹತ್ತುತೀಯೋ! ಕೋರ್ಟಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಕರಿಕೋಟು ಹಾಕ್ತಿದ್ದೆ," ಎಂದರಂತೆ ಸರ್ವಮಂಗಳಮ್ಮ. ಆದರೂ ತಲೆಗೆ ಕಾಗೆ ಕುಕ್ಕದಂತೆ ಕವುಚಿಕೊಳ್ಳಲು ಬಿದಿರು ಪುಟ್ಟಿ ತಂದುಕೊಟ್ಟವರೂ ಅವರೇ. ತಂತಿ ತೆಗೆದ ಜಾಗಕ್ಕೆ ತುಂಬಲು ಏನಾದರೂ ಕೊಡಿ ಎಂದು ದುರ್ಗಯ್ಯ ಕೇಳಿದಾಗ ಅಡಿಗೆಮನೆಯ ಮೂಲೆಯಿಂದ ಗರಿಕಡ್ಡಿಯ ಪೊರಕೆ ಬಂತು. "ಹೊಸದು ಕಣಯ್ಯ. ನಿನ್ನೆ ಸಂಜೆ ಕಟ್ಟಿದ್ದು," ಎಂದು ಎರಡೆರಡು ಸಲ ಹೇಳಿದರಂತೆ.

ದುರ್ಗಯ್ಯ ಮತ್ತೆ ಮೇಲೆ ಹತ್ತಿದರು. ಮರಿಗಳ ಕೆಳಗಿನ ನಾರಿನ ಹಾಸು ಅಲುಗದಂತೆ ಒಂದೊಂದೇ ತಂತಿ ಎಳೆದರು. ಒಂದು ತಂತಿ ತೆಗೆದರೆ ಎರಡು ಪೊರಕೆ ಕಡ್ಡಿ ಸಿಕ್ಕಿಸಿದರು. ಕಾಗೆಗಳು ಪುಟ್ಟಿಯ ಮೇಲೆ ತಮಟೆ ಬಾರಿಸಿದವು. ಕೆಳಗಿಳಿದು ಎಣಿಸಿದಾಗ ಐವತ್ತೇಳು ಚೂರು. ನಲವತ್ತು ಚೂರುಗಳಿಗೆ ಮುರಿ ಎಡಕ್ಕಿತ್ತು. ಉಳಿದವು ಯಾರವೋ, ಎಲ್ಲಿಯವೋ. ಒಂದು ಗಂಟೆಯಲ್ಲಿ ಮುಗಿಯಿತು ಎಂದು ದುರ್ಗಯ್ಯ ಹೇಳುತ್ತಾರೆ. ಸರ್ವಮಂಗಳಮ್ಮ ಒಪ್ಪುವುದಿಲ್ಲ: "ಮೂರೂವರೆ ಗಂಟೆ. ಆವತ್ತೂ ನೀರಿಲ್ಲ."

ಅಂದು ಮಧ್ಯಾಹ್ನ ಶಾಖಾ ಕಚೇರಿಯಲ್ಲಿ ಇನ್ನೊಂದು ಸಣ್ಣ ಪ್ರಸಂಗ ನಡೆಯಿತು. ಫ್ಯೂಸ್ ಹೋದಾಗಲೆಲ್ಲ ಅದನ್ನು ದೂರಿನ ಪುಸ್ತಕದಲ್ಲಿ ದಾಖಲಿಸಬೇಕು. ತಾರೀಖು, ಟ್ರಾನ್ಸ್‌ಫಾರ್ಮರ್, ವೇಳೆ, ಕಾರಣ, ರುಜು. ಕಾರಣದ ಕಾಲಮ್ಮಿಗೆ ಲೈನ್‌ಮನ್‌ಗಳ ಬಳಿ ನಾಲ್ಕೇ ಪದಗಳಿವೆ: ಗಾಳಿ, ಮಳೆ, ಗರಿ, ಕಾಗೆ. ಬೇಸಗೆಯ ಪುಟಗಳನ್ನು ತಿರುವಿದರೆ ಮೇಲಿನಿಂದ ಕೆಳಗಿನವರೆಗೆ ಕಾಗೆ, ಕಾಗೆ, ಕಾಗೆ. ದುರ್ಗಯ್ಯ ಅಂದು ಬಲಗೈಯಲ್ಲಿ ಪೆನ್ನು ಹಿಡಿದು, ಕಾಲಮ್ಮಿನಲ್ಲಿ ಹಿಡಿಯದಷ್ಟು ಬರೆದರು: "ಕಂಬದ ಕೆಳಗೆ ನಾನು ಬಿಟ್ಟ ತಂತಿ ಚೂರು."

ಶಾಖಾಧಿಕಾರಿಗಳು ಕನ್ನಡಕ ತೆಗೆದು ನೋಡಿದರು. ಕೆಟ್ಟ ಮನುಷ್ಯರಲ್ಲ. ದುರ್ಗಯ್ಯನ ಒಳ್ಳೆಯದಕ್ಕೇ ಹೇಳಿದರು. "ಇದೇನಯ್ಯ ಇದು? ಹೊಡೆದು ಹಾಕಿ ಕಾಗೆ ಅಂತ ಬರಿ. ಮೇಲಿನವರು ಕಾಗೇನ ಕರೆಸಿ ವಿಚಾರಣೆ ಮಾಡಲ್ಲ. ನಿನ್ನನ್ನ ಮಾಡ್ತಾರೆ. ಮೇಸ್ತ್ರಿ ಬಡ್ತಿಗೆ ಕಳಿಸಿರೋ ಪಟ್ಟಿಯಲ್ಲಿ ನಿನ್ನ ಹೆಸರಿದೆ, ನೆನಪಿದೆಯಾ?"

ನೆನಪಿತ್ತು. ಮೇಸ್ತ್ರಿಯಾದರೆ ಕಂಬ ಹತ್ತಬೇಕಿಲ್ಲ, ನಿಂತು ಹತ್ತಿಸಿದರೆ ಸಾಕು. ಮೊಣಕಾಲು ಒಪ್ಪದ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ಆ ಬಡ್ತಿಗೆ ಅವರು ನಾಲ್ಕು ವರ್ಷದಿಂದ ಕಾದಿದ್ದಾರೆ.

"ಇರ್ಲಿ ಸಾರ್," ಎಂದರಂತೆ ದುರ್ಗಯ್ಯ. "ಬರ್ದಾಯ್ತು."

ಬಾಗಿಲಲ್ಲಿ ನಿಂತಿದ್ದ ಈರಣ್ಣ ತಡೆಯಲಾರದೆ, "ಬುಡಿ ಸಾರ್, ನಾರು ಬಿತ್ತು," ಎಂದರು. ಶಾಖಾಧಿಕಾರಿಗಳಿಗೂ ನಗು ಬಂತು. ಆದರೆ ಪುಸ್ತಕ ಮೇಲಿನ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ವಿವರಣೆ ಕೇಳಿ ಕಾಗದ ಬಂತು. ದುರ್ಗಯ್ಯ ನಾಲ್ಕು ಸಾಲಿನ ಉತ್ತರ ಬರೆದು, ಆಧಾರಕ್ಕೆಂದು ಎಡ ಮುರಿಯ ಎರಡು ಚೂರು ತಂತಿಯನ್ನು ಲಕೋಟೆಯಲ್ಲಿಟ್ಟು ಕಳಿಸಿದರು. ಅದಕ್ಕೆ ಈವರೆಗೆ ಮರುಮಾತು ಬಂದಿಲ್ಲ. ಮೇಸ್ತ್ರಿ ಬಡ್ತಿಯ ಆದೇಶವೂ ಬಂದಿಲ್ಲ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಖಚಿತವಾಗಿ ಹೇಳುವವರು ಕಚೇರಿಯಲ್ಲಿ ಸಿಗಲಿಲ್ಲ.

ಆದದ್ದು ಇಷ್ಟು. ಆ ದಿನದ ನಂತರ ಆ ಕಂಬದ ಫ್ಯೂಸ್ ಹೋಗಲಿಲ್ಲ. ಗಂಡು ಕಾಗೆ ಮತ್ತೆ ತಂತಿ ತರದಿರಲೆಂದು ದುರ್ಗಯ್ಯ ಸುತ್ತಲಿನ ಹತ್ತು ಕಂಬಗಳ ಬುಡ ಕೆದಕಿ ಚೂರು ಹೆಕ್ಕಿದರು. ಬೋರಮ್ಮ ಒಂದು ಹೊರೆ ಗರಿಕಡ್ಡಿ ಸೀಳಿ ಕೊಟ್ಟದ್ದನ್ನು ಬದುವಿನ ಮೇಲೆ ಹರವಿದರು. ಕಾಗೆ ಅದನ್ನೂ ಒಯ್ದಿತು. ವೈಶಾಖದ ಹುಣ್ಣಿಮೆ ಕಳೆದ ಮೇಲೆ ಮರಿಗಳು ಗೂಡಿನ ಅಂಚಿಗೆ ಬಂದು, ಅಡ್ಡಪಟ್ಟಿಯ ಮೇಲೆ ನಡೆದು, ಒಂದೊಂದಾಗಿ ತೆಂಗಿನ ಗರಿಗೆ ಹಾರಿದವು. ನಾಲ್ಕರಲ್ಲಿ ಒಂದು ಕೋಗಿಲೆ. ಆ ಸುದ್ದಿ ಕೇಳಿದ ಸರ್ವಮಂಗಳಮ್ಮ, "ನೋಡಿದ್ಯಾ, ಆ ಕಾಗೆಗೆ ತಂತಿ ಯಾವುದು ಕಡ್ಡಿ ಯಾವುದು ಅಂತಷ್ಟೇ ಅಲ್ಲ, ಮಗ ಯಾವುದು ಅಂತಾನೂ ಗೊತ್ತಿಲ್ಲ," ಎಂದು ನಕ್ಕರು.

ಅವರ ಸಸಿಗಳಲ್ಲಿ ಐದು ಒಣಗಿವೆ. ಉಳಿದ ಐವತ್ತೇಳು ಹೊಸ ಗರಿ ಬಿಟ್ಟಿವೆ. ಒಣಗಿದ ಐದನ್ನು ಅವರು ಕಿತ್ತಿಲ್ಲ. ದುರ್ಗಯ್ಯ ಆ ದಾರಿಯಲ್ಲಿ ಹೋದಾಗಲೆಲ್ಲ ಸರ್ವಮಂಗಳಮ್ಮ ಅವುಗಳತ್ತ ಕೈ ತೋರಿಸಿ, "ಇವಕ್ಕೆ ಕಾರಣ ಏನು ಅಂತ ಬರೀಲಯ್ಯ?" ಎಂದು ಕೇಳುತ್ತಾರೆ. ಮುಂಗಾರು ಬಿದ್ದಾಗ ಆ ಐದು ಗುಂಡಿ ತಾವೇ ತೋಡಿಕೊಡುವುದಾಗಿ ದುರ್ಗಯ್ಯ ಹೇಳಿದ್ದಾರೆ. ಗುಂಡಿ ತೋಡುವುದು ಮರೆತಿಲ್ಲವಂತೆ.

ಈಗ ಬೆಳಗಿನ ಏಳು ಗಂಟೆ. ಕಡ್ಡಿ ಕಳೆದುಕೊಂಡ ಕಾಗೆಗಳು ಬೈದು ಬೈದು ಸುಸ್ತಾಗಿ, ಆಚೆ ತೋಟದ ಹುಣಸೆ ಮರದತ್ತ ಒಂದು ಸುತ್ತು ಹೋಗಿ ಬಂದಿವೆ. ದುರ್ಗಯ್ಯ ಸೈಕಲ್ಲಿನ ಸ್ಟ್ಯಾಂಡು ಒದ್ದು ಮುಂದಿನ ಕಂಬಕ್ಕೆ ಹೊರಟಿದ್ದಾರೆ. ನಿಮ್ಮ ಆಸೆ ಏನು, ಮೇಸ್ತ್ರಿ ಕೆಲಸವೇ ಎಂದು ಕೇಳಿದ್ದಕ್ಕೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಅದು ಬಂದ್ರೆ ಬರ್ಲಿ. ಕಚೇರಿ ಬೀರುನಾಗೆ ಹಳೇ ದೂರಿನ ಪುಸ್ತಕ ಹನ್ನೊಂದವೆ. ಹನ್ನೊಂದರಾಗೂ ನನ್ನ ಕೈಯಾರೆ ಕಾಗೆ ಕಾಗೆ ಅಂತ ಬರ್ದಿವ್ನಿ. ಅದರಾಗೆ ಯಾವುದು ಕಾಗೇದು, ಯಾವುದು ನಂದು ಅಂತ ಈಗ ಯಾರಿಗೂ ಗೊತ್ತಾಗಲ್ಲ. ಸಾಹೇಬ್ರು ಒಂದಿನ ಬೀರು ಬೀಗ ತೆಗೆದು ಕೊಟ್ರೆ ಸಾಕು. ಕಾಗೆ ಅಂತಿರೋ ಕಡೆಯೆಲ್ಲ ಪಕ್ಕದಾಗೆ ನನ್ನ ಹೆಸರೂ ಬರೆದುಬುಟ್ಟು ಬತ್ತೀನಿ."